ಕಾಗದದ ಹೆಲ್ಮೆಟ್ ಸೊಟ್ಟಗಾಗದಂತೆ ಮಾಡುವುದು ಹೇಗೆ?

ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಹೋದವರು ನೋಡಿರುತ್ತೀರಿ. ರೋಬೋ, ಯೋಧ ಅಂತ ವೇಷ ಹಾಕಿದವರ ತಲೆಯ ಮೇಲಿನ ಹೆಲ್ಮೆಟ್ ಎಷ್ಟೋ ಸಲ ಕಾಗದದ್ದೇ. ಕಂಪ್ಯೂಟರಿನಲ್ಲಿ ಮಾಡಿದ ಆಕಾರವನ್ನು ಚಪ್ಪಟೆ ತುಂಡುಗಳಾಗಿ ಬಿಡಿಸಿ, ಹಾಳೆಗೆ ಪ್ರಿಂಟ್ ತೆಗೆದು, ಕತ್ತರಿಸಿ, ಮಡಚಿ ಅಂಟಿಸಿದ್ದು. ಅಂಟಿಸಿ ಮುಗಿಯುವವರೆಗೆ ಬಹುತೇಕ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಗಟ್ಟಿಯಾಗಲಿ ಅಂತ ರೆಸಿನ್ (ಬಳಿದ ಮೇಲೆ ಗಟ್ಟಿಯಾಗುವ ಅಂಟು ದ್ರವ) ಬಳಿದ ಮಾರನೇ ದಿನ ನೋಡಿದರೆ ಒಂದು ಕೆನ್ನೆ ಒಳಗೆ ಹೋಗಿದೆ, ಕುತ್ತಿಗೆಯ ಬಾಯಿ ಮೊಟ್ಟೆಯಾಕಾರ ಆಗಿದೆ. ವಾರಗಟ್ಟಲೆ ಕೂತು ಮಾಡಿದ ಕೆಲಸ ಹೀಗೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಲೇಖನ.

ಮೊದಲು ಮಾದರಿ. ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶ ಉಚಿತ, ಅದರಲ್ಲೇ ಮಾಡಿ. ಮೊದಲ ಸಲವಾದರೆ ಮುಖಗಳ (ಮಾದರಿಯ ಮೈಯ ಚಪ್ಪಟೆ ತುಂಡುಗಳ) ಸಂಖ್ಯೆಯನ್ನು ಅದರಲ್ಲಿರುವ ಡೆಸಿಮೇಟ್ ಆಯ್ಕೆ ಕೊಟ್ಟು ಕೆಲವು ನೂರಕ್ಕೆ ಇಳಿಸಿ. ನುಣುಪಾದ ದುಂಡು ಪರದೆಯ ಮೇಲೆ ಚೆಂದ, ಆದರೆ ಅದನ್ನು ಅಕ್ಕಿಕಾಳಿನಷ್ಟು ತ್ರಿಕೋನಗಳಲ್ಲಿ ಕತ್ತರಿಸಬೇಕಾದವರು ನೀವು. ಮಾದರಿಯನ್ನು ಚಪ್ಪಟೆಯಾಗಿ ಬಿಡಿಸಲು ಜಪಾನಿನ ಪೆಪಾಕುರಾ ಡಿಸೈನರ್ ಅನ್ನುವ ವಿಂಡೋಸ್ ತಂತ್ರಾಂಶವಿದೆ. ಬೇಡವೆಂದರೆ ಬ್ಲೆಂಡರಿಗೇ ಪೇಪರ್ ಮಾಡೆಲ್ ಆಡ್-ಆನ್ ಸೇರಿಸಿಕೊಳ್ಳಬಹುದು. ಹೊಲಿಗೆ ಗೆರೆಗಳನ್ನು, ಅಂದರೆ ತುಂಡುಗಳು ಕೂಡುವ ಅಂಚುಗಳನ್ನು, ಕಿವಿಯ ಹಿಂದೆ, ಗಲ್ಲದ ಕೆಳಗೆ, ಕಣ್ಣಿಗೆ ಬೀಳದ ಕಡೆ ಇಡಿ.

ಅಳತೆಗೆ ಟೇಪ್ ಹಿಡಿಯಿರಿ, ಅಂದಾಜು ಬೇಡ. ಕಿವಿಯಿಂದ ಕಿವಿಗೆ ಅಗಲ, ಮೂಗಿನ ತುದಿಯಿಂದ ಹಿಂದಲೆಗೆ ಉದ್ದ. ಎರಡಕ್ಕೂ 4–5 ಸೆಂ.ಮೀ. ಸೇರಿಸಿ, ಕನ್ನಡಕ ಇದ್ದರೆ ಅದನ್ನು ಹಾಕಿಕೊಂಡೇ ಅಳೆಯಿರಿ. ಕುತ್ತಿಗೆಯ ಬಾಯಿಯಲ್ಲಿ ತಲೆ ತೂರುತ್ತದೋ ಇಲ್ಲವೋ ಈಗಲೇ ನೋಡಿ. ತೂರದಿದ್ದರೆ ಹಿಂಭಾಗವನ್ನು ಬೇರೆ ತುಂಡಾಗಿ ಮಾಡಬೇಕಾಗುತ್ತದೆ.

ಹಾಳೆ 180ರಿಂದ 220 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಇರಲಿ. ಮಾಮೂಲಿ ಜೆರಾಕ್ಸ್ ಹಾಳೆ ಬೇಡವೇ ಬೇಡ. ಜೆರಾಕ್ಸ್ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ಒತ್ತಿಬಿಡುತ್ತಾರೆ, ಹೆಲ್ಮೆಟ್ ಕುಗ್ಗುತ್ತದೆ. ಪ್ರಿಂಟಿಗೆ ಕೊಡುವ ಮೊದಲೇ ಪುಟದ ಒಂದು ಮೂಲೆಯಲ್ಲಿ 10 ಸೆಂ.ಮೀ. ಗೆರೆ ಹಾಕಿಡಿ. ಮೊದಲ ಪುಟ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ, ಸರಿ ಇದ್ದರೆ ಮಾತ್ರ ಮಿಕ್ಕ ಪುಟ.

ಕತ್ತರಿಸಿ, ಇಂಕು ಮುಗಿದ ಬಾಲ್ ಪೆನ್ನಿನಿಂದ ಮಡಿಕೆ ಗೆರೆ ಒತ್ತಿ, ಅಂಚಿನಲ್ಲಿ ಪ್ರಿಂಟ್ ಆಗಿರುವ ನಂಬರಿಗೆ ಅದೇ ನಂಬರ್ ಸೇರಿಸಿ ಅಂಟಿಸಿ. ಫೆವಿಕಾಲ್ ಸಾಕು, ಕಡ್ಡಿಯಲ್ಲಿ ತೆಳ್ಳಗೆ ಹಚ್ಚಿ. ಫೆವಿಕ್ವಿಕ್ ಸರಿಮಾಡಿಕೊಳ್ಳಲು ಪುರುಸೊತ್ತೇ ಕೊಡುವುದಿಲ್ಲ. ಗ್ಲೂ ಸ್ಟಿಕ್ ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ, ಅದನ್ನು ಮಕ್ಕಳ ಕ್ರಾಫ್ಟಿಗೆ ಬಿಡಿ.

ಈಗ ಗಟ್ಟಿ ಮಾಡುವ ಹಂತ. ಕಾಗದ ಒದ್ದೆಯಾದರೆ ಮೆತ್ತಗಾಗುತ್ತದೆ, ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಸೊಟ್ಟಗಾಗುವುದು ಆಗಲೇ, ಮತ್ತು ರೆಸಿನ್ ಗಟ್ಟಿಯಾದ ಮೇಲೆ ಅದು ಸರಿಹೋಗುವುದಿಲ್ಲ. ಆದ್ದರಿಂದ ಬಳಿಯುವ ಮೊದಲು ಒಳಗೆ ಆಸರೆ ಕೊಡಿ. ರಟ್ಟಿನ ಪಟ್ಟಿ ಕತ್ತರಿಸಿ ಕುತ್ತಿಗೆಯ ಬಾಯಿಗೆ ಅಡ್ಡ ಒಂದು, ಉದ್ದ ಒಂದು, ಕೆನ್ನೆಯಿಂದ ಕೆನ್ನೆಗೆ ಇನ್ನೊಂದು ಅಂಟಿಸಿ. ಪಟ್ಟಿಯ ಉದ್ದವನ್ನು ಕಂಪ್ಯೂಟರಿನ ಮಾದರಿಯಿಂದ ತೆಗೆದುಕೊಳ್ಳಿ. ಕಾಗದದ ಹೆಲ್ಮೆಟ್ಟನ್ನೇ ಅಳೆದರೆ, ಅದು ಆಗಲೇ ಸ್ವಲ್ಪ ಅಗಲವಾಗಿದ್ದರೆ ತಪ್ಪು ಅಳತೆಯನ್ನೇ ಗಟ್ಟಿ ಮಾಡಿದಂತೆ. ಆಮೇಲೆ ಸಮತಟ್ಟಾದ ಮೇಜಿನ ಮೇಲಿಟ್ಟು ಎದುರಿನಿಂದ ನೋಡಿ. ಎರಡೂ ಕಣ್ಣು ಒಂದೇ ಎತ್ತರದಲ್ಲಿವೆಯಾ? ಇಲ್ಲದಿದ್ದರೆ ಪಟ್ಟಿ ಕಿತ್ತು ಮತ್ತೆ ಅಂಟಿಸಿ.

ಫೈಬರ್ ಸಾಮಾನಿನ ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಸಾಮಾನ್ಯವಾಗಿ ಎರಡು ಚಿಕ್ಕ ಬಾಟಲಿ ಕೊಡುತ್ತಾರೆ: ಗಟ್ಟಿಯಾಗುವುದನ್ನು ಚುರುಕು ಮಾಡುವ ನೇರಳೆ ಬಣ್ಣದ ಕೋಬಾಲ್ಟ್, ರೆಸಿನನ್ನು ಗಟ್ಟಿ ಮಾಡುವ, ನೀರಿನಂತಿರುವ ಹಾರ್ಡನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬೇಡಿ. ಭಗ್ಗನೆ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್ ಹಾಕಿ. ಹಾರ್ಡನರ್ 50 ಗ್ರಾಂ ರೆಸಿನ್‌ಗೆ 1 ಗ್ರಾಂ ದಾಟಬಾರದು. ಬೇಗ ಒಣಗಲಿ ಅಂತ ಜಾಸ್ತಿ ಸುರಿದರೆ ಬಿಸಿಯೇರಿ ಬಿರುಕು ಬಿಡುತ್ತದೆ. ಒಂದು ಸಲಕ್ಕೆ 50 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಬಳಿದು ಮುಗಿಸುವಷ್ಟರಲ್ಲಿ ಲೋಟದಲ್ಲೇ ಗಟ್ಟಿಯಾದೀತು. ಥರ್ಮೋಕೋಲ್ ಲೋಟವನ್ನಂತೂ ರೆಸಿನ್ ಕರಗಿಸಿಬಿಡುತ್ತದೆ.

ಮೊದಲು ಹೊರಮೈಗೆ ತೆಳ್ಳನೆಯ ಒಂದು ಕೋಟ್. ಕಾಗದ ಹೀರಿಕೊಂಡು ಬಣ್ಣ ಸ್ವಲ್ಪ ಗಾಢವಾದರೆ ಸಾಕು, ಎಲ್ಲೂ ತೊಟ್ಟಿಕ್ಕಬಾರದು. ಪೂರ್ತಿ ಒಣಗಲಿ. ಬೆರಳಿಗೆ ಅಂಟುತ್ತಿದ್ದರೆ ಇನ್ನೂ ಕಾಯಿರಿ. ಹೀಗೆ ಎರಡು ಕೋಟ್ ಆಗಿ ಟಕಟಕ ಸದ್ದು ಬಂದ ಮೇಲೇ ಒಳಗೆ ಕೈ ಹಾಕಿ. ಫೈಬರ್ ಮ್ಯಾಟನ್ನು (ಗಾಜಿನ ಎಳೆಗಳ ಹಾಸು) ಅಂಗೈಯಗಲದ ತುಂಡು ಮಾಡಿ, ರೆಸಿನ್‌ನಲ್ಲಿ ಒತ್ತಿ ಕೂರಿಸಿ, ಗುಳ್ಳೆ ನಿಲ್ಲಬಾರದು. ಅದು ಗಟ್ಟಿಯಾದ ಮೇಲೆ ಆಸರೆಯ ಪಟ್ಟಿ ಕತ್ತರಿಸಿ ತೆಗೆಯಿರಿ. ಮಳೆಗಾಲದ ಥಂಡಿ ದಿನ ಈ ಕೆಲಸ ಬೇಡ.

ರೆಸಿನ್ ಬದಲು ಫೆವಿಕಾಲಿಗೆ ನೀರು ಬೆರೆಸಿ ಬಳಿಯಿರಿ ಅನ್ನುವವರಿದ್ದಾರೆ. ಕೇಳಬೇಡಿ, ಕಾಗದಕ್ಕೆ ನೀರಿಗಿಂತ ದೊಡ್ಡ ಶತ್ರು ಇಲ್ಲ. ರೆಸಿನ್ ವಾಸನೆ ಆಗದವರು ಎಪಾಕ್ಸಿ ತೆಗೆದುಕೊಳ್ಳಲಿ, ದುಡ್ಡು ಜಾಸ್ತಿ, ಒಣಗುವುದೂ ನಿಧಾನ. ಪಾಲಿಯೆಸ್ಟರ್ ಆದರೆ ತಾರಸಿ ಮೇಲೇ ಮಾಡಿ. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಆ ಆವಿಯನ್ನು ತಡೆಯುವುದಿಲ್ಲ. ಕಾರ್ಟ್ರಿಜ್ ಇರುವ ಪೇಂಟರ್ ಮಾಸ್ಕ್ ಬೇಕು, ಕೈಗೆ ಗ್ಲೌಸ್ ಬೇಕು.

ಉಳಿದದ್ದು ಸುಲಭ. ಕಾರಿಗೆ ಹಾಕುವ ಪುಟ್ಟಿ ಮೆತ್ತಿ, 120, 220, 400 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು ಬಣ್ಣ ಬಳಿಯಿರಿ. ಉಜ್ಜುವಾಗ ಎನ್95 ಹಾಕಿಕೊಳ್ಳಿ, ಫೈಬರ್ ಧೂಳು ಶ್ವಾಸಕ್ಕೆ ಕೆಟ್ಟದ್ದು. ಒಳಗೆ ಸ್ಪಂಜು ಅಂಟಿಸುವಾಗ ಬಾಯಿಯ ಎದುರಿನ ಜಾಗ ಮುಚ್ಚಬೇಡಿ, ಗಾಳಿಯಾಡಲು ಗಲ್ಲದ ಕೆಳಗೆ ನಾಲ್ಕು ತೂತು ಕೊರೆಯಿರಿ.