ಕಾರಿನ ಸಣ್ಣ ವೈರಿನಿಂದ ಸುಡದೇ ತಾಮ್ರ ತೆಗೆದದ್ದು: ನನ್ನ ಅನುಭವ

ಗುಜರಿಗೆ ಬಂದ ಕಾರಿನ ಸಣ್ಣ ವೈರನ್ನು ಸುಡದೇ ತಾಮ್ರ ತೆಗೆಯಬಹುದು, ಅದರಲ್ಲಿ ದುಡ್ಡೂ ಉಳಿಯುತ್ತದೆ ಅಂದಾಗ ಇಲ್ಲಿ ಪುಣೆಯ ಭೋಸರಿಯಲ್ಲಿ ಯಾರೂ ನಂಬಲಿಲ್ಲ. ಈಗ ಅದೇ ಜನ ನನ್ನ ಶೆಡ್ಡಿಗೆ ಬಂದು ತಾಮ್ರ ಬೇರೆ ಮಾಡುವ ಟೇಬಲ್ಲಿನ ಅಳತೆ ಹಿಡಿಯುತ್ತಿದ್ದಾರೆ.

ದಪ್ಪ ಬ್ಯಾಟರಿ ಕೇಬಲ್ ಬಿಡಿ, ಅದಕ್ಕೆ ಸ್ಟ್ರಿಪ್ಪಿಂಗ್ ಮಷಿನ್ ಸಾಕು. ತಲೆನೋವು ಡ್ಯಾಶ್‌ಬೋರ್ಡ್ ಹಿಂದಿನ 0.35, 0.5 ಚದರ ಎಂಎಂ ಸೈಜಿನ ವೈರಿನದು. ಮಷಿನ್ ಅದನ್ನು ಹಿಡಿಯುವುದಿಲ್ಲ, ಕೈಯಲ್ಲಿ ಸುಲಿದರೆ ಕೂಲಿ ಗಿಟ್ಟುವುದಿಲ್ಲ. ಅದಕ್ಕೇ ರಾತ್ರಿ ಹೊತ್ತು ಸುಡುತ್ತಾರೆ. ವೈರಿನ ಮೇಲಿನ ಪ್ಲಾಸ್ಟಿಕ್ಕಿನ, ಅಂದರೆ ಪಿವಿಸಿಯ, ಹೊಗೆಯಲ್ಲಿ ಆಸಿಡ್, ಡಯಾಕ್ಸಿನ್ ಎಂಬ ವಿಷ ಎರಡೂ ಇರುತ್ತವೆ. ಅಕ್ಕಪಕ್ಕದ ಮಕ್ಕಳು ಅದನ್ನೇ ಉಸಿರಾಡಬೇಕು. ಮೇಲಾಗಿ ಸುಟ್ಟ ಎಳೆ ಕಪ್ಪಾಗಿ ಪುಡಿಯಾಗುತ್ತದೆ, ಅದಕ್ಕೆ ರೇಟೂ ಕಡಿಮೆ ಸಿಗುತ್ತದೆ.

ನಾನು ಹಿಡಿದದ್ದು ನೀರಿನ ದಾರಿ. ತಾಮ್ರ ಪಿವಿಸಿಗಿಂತ ಸುಮಾರು ಆರು ಪಟ್ಟು ಭಾರ. ವೈರನ್ನು ಪುಡಿ ಮಾಡಿ, ಅಲುಗಾಡುವ ಇಳಿಜಾರು ಟೇಬಲ್ಲಿನ ಮೇಲೆ ನೀರು ಬಿಟ್ಟರೆ ಎರಡೂ ಬೇರೆಯಾಗಲೇಬೇಕು ಅಲ್ವಾ? ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಕಾಕಾ ಒಬ್ಬರು ಇದೇ ಗುಜರಿ ಕಸುಬಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. "ತಮ್ಮಾ, ತಾಮ್ರ ನೀರಾಗ ತೊಳದ್ರ ಗಟಾರಕ್ಕ ಹೋಗತೈತಿ ನೋಡು" ಅಂದರು.

ಮೊದಮೊದಲು ಹಾಗೇ ಆಯಿತು. ಸೆಕೆಂಡ್‌ಹ್ಯಾಂಡ್ ಪ್ಲಾಸ್ಟಿಕ್ ಗ್ರೈಂಡರಿಗೆ ಒಂದೂವರೆ ಲಕ್ಷದ ಹತ್ತಿರ, ಟೇಬಲ್ಲಿಗೆ 60 ಸಾವಿರ ಹೋಗಿತ್ತು. ಗ್ರೈಂಡರಿಗೆ 6 ಎಂಎಂ ತೂತಿನ ಜಾಲರಿ ಹಾಕಿದರೆ ತಾಮ್ರ ಪ್ಲಾಸ್ಟಿಕ್ಕಿನೊಳಗೇ ಉಳಿಯಿತು. 2 ಎಂಎಂಗೆ ಇಳಿಸಿದರೆ ಗ್ರೈಂಡರ್ ಬಿಸಿಯಾಗಿ ಪಿವಿಸಿ ಮೆತ್ತಗಾಗಿ ಜಾಲರಿಗೆ ಮೆತ್ತಿಕೊಂಡಿತು. 3 ಎಂಎಂ ಸರಿಹೋಯಿತು. ಆಗ ಬ್ಲೇಡಿನ ಕಾಟ ಶುರುವಾಯಿತು. ವೈರಿಂಗಿನಲ್ಲಿ ಅಡಗಿದ್ದ ಒಂದು ಉಕ್ಕಿನ ಕ್ಲಿಪ್ಪು ಇಡೀ ಸೆಟ್ ಬ್ಲೇಡ್ ತಿಂದುಹಾಕಿತು. ಈಗ ಇಬ್ಬರು ಹೆಂಗಸರು ಕನೆಕ್ಟರ್, ಕ್ಲಿಪ್ಪು ಎಲ್ಲ ಕತ್ತರಿಸಿ ತೆಗೆದ ಮೇಲೇ ವೈರು ಒಳಗೆ ಹೋಗುತ್ತದೆ. ಅವರ ಕೂಲಿ ಬ್ಲೇಡಿಗಿಂತ ಅಗ್ಗ. ತವರ ಬಳಿದ ಹಿತ್ತಾಳೆ ಟರ್ಮಿನಲ್ಲು ಬೇರೆಯಾಗಿ ಮಾರಾಟವಾಗುತ್ತದೆ, ತಾಮ್ರದಲ್ಲಿ ಬೆರೆತು ರೇಟು ಕೆಡಿಸುವುದೂ ಇಲ್ಲ.

ಕೊನೆಗೆ ಉಳಿದದ್ದು ಕೂದಲಿನಂಥ ಎಳೆ. ಅದು ಮುಳುಗುತ್ತಲೇ ಇರಲಿಲ್ಲ. ಗ್ರೀಸ್ ಹತ್ತಿದ ಎಳೆ ನೀರಿನ ಮೇಲೇ ತೇಲಿಕೊಂಡು ಪ್ಲಾಸ್ಟಿಕ್ ಕಡೆಗೆ ಹೋಗುತ್ತಿತ್ತು. ಬಿಸಿಲಿನಲ್ಲಿ ಹಿಡಿದು ನೋಡಿದರೆ ಕಪ್ಪು ಪುಡಿಯ ನಡುವೆ ಕೆಂಪಗೆ ಮಿನುಗುತ್ತಿತ್ತು, ಅಷ್ಟೂ ನನ್ನ ದುಡ್ಡು. ಪುಡಿಯನ್ನು ಇನ್ನೊಂದು ಸಲ ಗ್ರೈಂಡರಿಗೆ ಹಾಕಿದಾಗ ಎಳೆ ಮುದುಡಿ ಕಾಳಿನಂತಾಯಿತು. ನೀರಿಗೆ ಸ್ವಲ್ಪ ಸೋಪು ಸೇರಿಸಿದೆ, ಮುಳುಗಿತು. ಯಾವ ಸೋಪು, ಟೇಬಲ್ಲಿನ ಇಳಿಜಾರು ಎಷ್ಟು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ.

ನೀರನ್ನು ಹೊರಗೆ ಬಿಡಬೇಡಿ. ಹಳೆಯ ಪಿವಿಸಿಯಲ್ಲಿ ಸೀಸ ಇರಬಹುದು. ಎರಡು ತೊಟ್ಟಿ ಕಟ್ಟಿಸಿ ಅದೇ ನೀರನ್ನು ತಿರುಗಿಸುತ್ತೇನೆ. ತಳದ ಕೆಸರಲ್ಲೂ ತಾಮ್ರ ಸಿಗುತ್ತದೆ.

ಇದೇ ಉತ್ಸಾಹದಲ್ಲಿ ಪ್ಲಾಸ್ಟಿಕ್ಕಿಗೂ ಕೈ ಹಾಕಿದೆ. ಬಂಪರ್ ಚೂರು ನೀರಲ್ಲಿ ತೇಲಿತು, ಸುಲಭವಾಗಿ ಬೇರೆಯಾಯಿತು. ಡ್ಯಾಶ್‌ಬೋರ್ಡಿನ ಟಾಲ್ಕ್ (ಒಂದು ಬಗೆಯ ಕಲ್ಲಿನ ಪುಡಿ) ಬೆರೆಸಿದ ಪಿಪಿ ಪ್ಲಾಸ್ಟಿಕ್ ಮಾತ್ರ ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಜೊತೆಗೇ ಮುಳುಗಿತು. ಉಪ್ಪು ನೀರಲ್ಲಿ ಎರಡೂ ಒಟ್ಟಿಗೇ ಮೇಲೆದ್ದವು. ಎರಡರ ತೂಕ ಹೆಚ್ಚುಕಡಿಮೆ ಒಂದೇ, ಉಪ್ಪು ಏನು ಮಾಡೀತು? ಈಗ ಭಾಗದ ಹಿಂದೆ ಅಚ್ಚೊತ್ತಿರುವ ಪ್ಲಾಸ್ಟಿಕ್ಕಿನ ಹೆಸರು ಓದಿ ಕೈಯಲ್ಲೇ ಆರಿಸುತ್ತೇವೆ.

ಲೆಕ್ಕ ಕೇಳುವವರಿಗೆ: ಕ್ಲೀನ್ ಮಾಡಿದ 100 ಕೆ.ಜಿ. ವೈರಿಗೆ 45 ಕೆ.ಜಿ. ಆಸುಪಾಸು ತಾಮ್ರ ಬರುತ್ತದೆ. ಮಾಲು, ಕೂಲಿ, ಕರೆಂಟು ಕಳೆದು ಕೆ.ಜಿ. ತಾಮ್ರಕ್ಕೆ 60-70 ರೂಪಾಯಿ ಉಳಿಯುತ್ತಿದೆ. ಹಾಕಿದ ದುಡ್ಡು ವರ್ಷದೊಳಗೆ ವಾಪಸ್ ಬಂತು. 2021ರ ವಾಹನ ಸ್ಕ್ರ್ಯಾಪಿಂಗ್ ನಿಯಮದ ನಂತರ ನೋಂದಾಯಿತ ಕೇಂದ್ರಗಳು ತೆರೆದಿವೆಯಲ್ಲ, ಅಂಥ ಒಂದು ಕಡೆಯವರು ಬಂದು ನೋಡಿ ಹೋದರು. ಸುಡುವುದಿಲ್ಲ ಅಂತ ಖಾತ್ರಿಯಾದ ಮೇಲೆ ವೈರಿಂಗ್ ಎಲ್ಲ ನನಗೇ ಕೊಡುತ್ತಿದ್ದಾರೆ. ಕಾಕಾನೂ ಹೋದ ತಿಂಗಳು ತಮ್ಮ ಮಾಲು ಕಳಿಸಿದರು. ರೇಟು ಮಾತ್ರ ಜಗ್ಗಾಡಿಯೇ ಕೊಟ್ಟರು.