ತದಿಗೆ ಚಂದ್ರನನ್ನು ದುರ್ಗದಿಂದ ನೋಡೋದು ಹೇಗೆ
ಅಮಾವಾಸ್ಯೆ ಕಳೆದ ತದಿಗೆ ದಿನ, ಹೊತ್ತು ಮುಳುಗಿ ಅರ್ಧ ಗಂಟೆಗೆ ಮಾಳಿಗೆ ಹತ್ತಿ ಪಡುವಣಕ್ಕೆ ನೋಡಿ. ಬೆಟ್ಟ ಅಡ್ಡ ಬರದ ಜಾಗ ಹುಡುಕಿ, ನಮ್ಮ ಚಿತ್ರದುರ್ಗದಲ್ಲಿ ಅದೇ ಕಷ್ಟ. ಚಂದ್ರನ ಕೊಂಬುಗಳ, ಅಂದರೆ ಎರಡು ಚೂಪು ತುದಿಗಳ, ದಿಕ್ಕನ್ನು ಪುಸ್ತಕದಲ್ಲಿ ಬರೆದುಕೊಂಡು ಪಕ್ಕದಲ್ಲಿ ಗಂಟೆ ಹಾಕಿ.

ಫಾಲ್ಗುಣದಲ್ಲಿ ಚಂದ್ರ ನಮಗೆ ತೊಟ್ಟಿಲಿನ ಹಾಗೆ ಅಂಗಾತ. ಮೆಲ್ಬರ್ನ್‌ನಲ್ಲಿರುವ ತಂಗಿ ಮಗಳು ಕಳಿಸುವ ಫೋಟೋದಲ್ಲಿ ಬೆಳಕು ಎಡಗಡೆಗೆ. ಓರೆಯಾಗಿರೋದು ಚಂದ್ರನಲ್ಲ, ನಾವು: ದುರ್ಗ 14 ಡಿಗ್ರಿ ಉತ್ತರ, ಅವಳೂರು ಸುಮಾರು 38 ಡಿಗ್ರಿ ದಕ್ಷಿಣ.

ಪುಸ್ತಕದಲ್ಲಿ ಹಾಕಿದ ಗಂಟೆ ಭಾರತಕ್ಕೆಲ್ಲ ಒಂದೇ ಆದ ಗಡಿಯಾರದ್ದು; ಅದು 82.5 ಡಿಗ್ರಿ ರೇಖಾಂಶದ ಸಮಯ, ನಾವಿರೋದು 76.4ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 24 ನಿಮಿಷ ಕಳೆಯಿರಿ, ದುರ್ಗದ ಸ್ವಂತ ಸಮಯ ಸಿಗುತ್ತೆ.

ತಿಥಿ ಲೋಕಕ್ಕೆಲ್ಲ ಒಂದೇ ಕ್ಷಣಕ್ಕೆ ಮುಗಿಯುತ್ತೆ; ಸೂರ್ಯೋದಯ ಊರಿಗೊಂದು. ದಿನದ ತಿಥಿ ಲೆಕ್ಕ ಹಾಕೋದು ಸೂರ್ಯೋದಯಕ್ಕೆ ಇರೋ ತಿಥಿಯಿಂದ. ಅದಕ್ಕೇ ಮೆಲ್ಬರ್ನ್‌ನಲ್ಲಿ ಅವಳ ಏಕಾದಶಿ ಕೆಲವು ಸಲ ಬೇರೆ ದಿನ. ಮಗಳಿಗೆ ಇಲ್ಲಿನ ಪಂಚಾಂಗ ವಾಟ್ಸಾಪ್ ಮಾಡಬೇಡ ಅಂದರೆ ತಂಗಿ ಕೇಳಬೇಕಲ್ಲ!