ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಬೈಬಲ್ ಹೇಳಿಕೊಡುವುದು: ನನ್ನ ಅನುಭವ

ಬೈಬಲಿನ ವಿಮೋಚನಕಾಂಡ 12ರಲ್ಲಿ, ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ನೆನಪಿನ ಪಸ್ಕಹಬ್ಬವನ್ನು ಹೇಗೆ ಮಾಡಬೇಕು ಎಂದು ಉದ್ದಕ್ಕೆ ಹೇಳಿದೆ. ಕುರಿಮರಿ, ರಕ್ತ, ಬಾಗಿಲಿನ ಚೌಕಟ್ಟು, ಎಲ್ಲ ಆದ ಮೇಲೆ ಒಂದು ಮಾತು ಬರುತ್ತದೆ: ಇದೆಲ್ಲ ಯಾಕೆ ಎಂದು ನಿಮ್ಮ ಮಕ್ಕಳು ಕೇಳಿದಾಗ ಹೀಗೆ ಹೇಳಿರಿ. ಯೆಹೋಶುವ 4ರಲ್ಲಿ ಯೊರ್ದನ್ ನದಿ ದಾಟಿದ ನೆನಪಿಗೆ ಅಲ್ಲಿಂದ 12 ಕಲ್ಲು ತಂದು ನಿಲ್ಲಿಸಿದಾಗಲೂ ಇದೇ ಮಾತು. ಧರ್ಮೋಪದೇಶಕಾಂಡ 6ರಲ್ಲೂ ಇದೆ. ಮೊದಲು ಮಗು ಏನೋ ನೋಡುತ್ತದೆ, ಕೇಳುತ್ತದೆ. ಆಮೇಲೆ ದೊಡ್ಡವರು ಹೇಳುತ್ತಾರೆ. ಮನೆಯಲ್ಲಿ ಹೇಳಿಕೊಡಲು ನಾನು ಹಿಡಿದ ದಾರಿ ಇದೊಂದೇ. ಮಕ್ಕಳು ಕೇಳುವಂತೆ ಮಾಡುವುದು, ಕೇಳಿದಾಗ ಸುಳ್ಳು ಹೇಳದೆ ಉತ್ತರ ಕೊಡುವುದು.

ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ನಾಲ್ಕು. ನಾನು ದೇವಶಾಸ್ತ್ರ ಓದಿದವಳಲ್ಲ. ಇಬ್ಬರೂ ಚರ್ಚಿನ ಸಂಡೇ ಸ್ಕೂಲ್‌ಗೆ ಹೋಗುತ್ತಾರೆ, ಅಲ್ಲಿ ಹಾಡು, ಕಥೆ ಎಲ್ಲ ಚೆನ್ನಾಗಿ ಕಲಿಯುತ್ತಾರೆ. ಆದರೆ "ಅಮ್ಮಾ, ದೇವರಿಗೂ ಅಮ್ಮ ಇದ್ದಾರಾ?" ಅನ್ನೋ ಪ್ರಶ್ನೆ ಬರುವುದು ರಾತ್ರಿ ಲೈಟ್ ಆರಿಸಿದ ಮೇಲೆ, ಅದೂ ನನಗೆ ನಿದ್ದೆ ಹತ್ತುವ ಹೊತ್ತಿಗೆ. ಆಗ ಪಕ್ಕದಲ್ಲಿ ಇರುವುದು ಟೀಚರ್ ಅಲ್ಲ, ನಾನು.

ದೇವರ ಮಾತನ್ನು ಮಕ್ಕಳಿಗೆ ಹೇಳಿಕೊಡಲು ಧರ್ಮೋಪದೇಶಕಾಂಡ 6:7 ನಾಲ್ಕು ಹೊತ್ತನ್ನು ಹೇಳುತ್ತದೆ. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ನಾಲ್ಕೂ ನಮಗೆ ಹೊಂದುವುದಿಲ್ಲ. ಬೆಳಿಗ್ಗೆ ಎದ್ದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಶೂ ಹುಡುಕುವ ಕೆಲಸವೇ ಜಾಸ್ತಿ, ಅಲ್ಲಿ ಬೈಬಲ್ ತೆಗೆದರೆ ಎಲ್ಲರಿಗೂ ಕೋಪ ಬರುತ್ತದೆ. ಮಲಗುವ ಹೊತ್ತು ಕಥೆಗೆ, ನಡೆಯುವ ಹೊತ್ತು ಮಾತಿಗೆ, ಇಷ್ಟೇ ಇಟ್ಟುಕೊಂಡಿದ್ದೇನೆ. ಮಕ್ಕಳು ಎದುರು ಕೂತರೆ ಬಾಯಿ ಬಿಡುವುದಿಲ್ಲ, ಪಕ್ಕದಲ್ಲಿ ನಡೆಯುತ್ತಿದ್ದರೆ ಎಲ್ಲ ಕೇಳುತ್ತಾರೆ. ಯಾಕೋ ಗೊತ್ತಿಲ್ಲ.

ರಾತ್ರಿ ಕಥೆಗೆ ಹತ್ತು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಎಳೆದರೆ ಚಿಕ್ಕವನು ಗೋಡೆಗೆ ಕಾಲು ಹಚ್ಚಿ ಆಡಲು ಶುರು ಮಾಡುತ್ತಾನೆ. ಒಂದು ನಿಯಮ ಮಾತ್ರ ಗಟ್ಟಿಯಾಗಿ ಇಟ್ಟುಕೊಂಡಿದ್ದೇನೆ: ಕಥೆ ಮುಗಿದ ಮೇಲೆ "ಆದ್ದರಿಂದ ನೀನೂ..." ಎಂದು ಶುರು ಮಾಡುವುದಿಲ್ಲ. ಮಕ್ಕಳ ಬೈಬಲ್ ಕಥೆ ಪುಸ್ತಕಗಳಲ್ಲಿ ಪ್ರತಿ ಕಥೆಯ ಕೊನೆಗೂ ಒಂದು ನೀತಿ ಅಂಟಿಸಿರುತ್ತಾರಲ್ಲ, ಅದನ್ನು ನಾನು ಓದುವುದೇ ಇಲ್ಲ. ನೀತಿ ಹೇಳಿದ ಕೂಡಲೇ ಕಥೆ ಮುಗಿಯಿತು, ಇನ್ನು ಕೇಳುವುದಕ್ಕೆ ಏನೂ ಇಲ್ಲ ಎಂದು ಮಗುವಿಗೆ ಗೊತ್ತಾಗಿಬಿಡುತ್ತದೆ.

ಲೂಕ 15ರ ಇಬ್ಬರು ಮಕ್ಕಳ ಕಥೆಯನ್ನೇ ನೋಡಿ. ಕಿರಿಯವನು ಆಸ್ತಿಯಲ್ಲಿ ಪಾಲು ತೆಗೆದುಕೊಂಡು ಹೋಗಿ ಎಲ್ಲ ಹಾಳು ಮಾಡಿ ವಾಪಸ್ ಬರುತ್ತಾನೆ, ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ತುಂಬಾ ಪುಸ್ತಕಗಳು ಅಲ್ಲಿಗೇ ನಿಲ್ಲಿಸುತ್ತವೆ. ನಾನು ಹಿರಿಯವನ ಭಾಗವನ್ನೂ ಓದಿದೆ. ತಮ್ಮನಿಗಾಗಿ ಮನೆಯಲ್ಲಿ ಔತಣ ನಡೆಯುತ್ತಿದೆ ಎಂದು ಅವನು ಸಿಟ್ಟು ಮಾಡಿಕೊಂಡು ಹೊರಗೆ ನಿಂತಿದ್ದಾನೆ, ಅಪ್ಪ ಹೊರಗೆ ಬಂದು ಕರೆಯುತ್ತಾನೆ. ಅವನು ಒಳಗೆ ಹೋದನಾ ಇಲ್ಲವಾ ಎಂದು ಯೇಸು ಹೇಳಲಿಲ್ಲ. ನಮ್ಮ ದೊಡ್ಡವಳು ಎದ್ದು ಕೂತಳು. "ಹೋಗಬಾರದು! ಅವನೇ ಅಲ್ವಾ ಎಲ್ಲ ಕೆಲಸ ಮಾಡಿದ್ದು?" ತಮ್ಮನ ಜೊತೆ ದಿನವೂ ಲೆಕ್ಕ ಹಾಕುವವಳಿಗೆ ಹಿರಿಯವನ ಕಷ್ಟ ಚೆನ್ನಾಗಿ ಅರ್ಥವಾಯಿತು. ನಾನು ಅವಳನ್ನು ತಿದ್ದಲಿಲ್ಲ. ಅಪ್ಪ ಅವನಿಗೆ ಏನು ಹೇಳಿದ, ಮತ್ತೆ ಓದಲಾ ಎಂದು ಕೇಳಿ ಆ ಎರಡು ವಾಕ್ಯ ಓದಿದೆ. ಅವಳು ಸುಮ್ಮನಾದಳು, ಒಪ್ಪಲಿಲ್ಲ. ಆ ಕಥೆಯನ್ನು ಈಗಲೂ ಆಗಾಗ ಅವಳೇ ಕೇಳುತ್ತಾಳೆ, ಹಿರಿಯವನ ಪರವಾಗಿ ವಾದ ಮಾಡುತ್ತಾಳೆ. ಕೃಪೆ ಅಂದರೆ ಏನು ಎಂದು ನಾನು ಪಾಠ ಮಾಡಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದಳಾ? ನನಗೆ ಅನುಮಾನ.

ನಿನೆವೆ ಊರಿಗೆ ಹೋಗು ಎಂದು ದೇವರು ಹೇಳಿದಾಗ ಓಡಿಹೋದ ಪ್ರವಾದಿ ಯೋನನ ಕಥೆಯೂ ಹಾಗೇ. ಮೀನಿನ ಹೊಟ್ಟೆಯಿಂದ ಹೊರಗೆ ಬಂದ, ಕಥೆ ಮುಗಿಯಿತು ಎಂದುಕೊಂಡಿರುತ್ತೇವೆ. ಅಷ್ಟು ಹೊತ್ತಿಗೆ ಪುಸ್ತಕದ ನಾಲ್ಕು ಅಧ್ಯಾಯಗಳಲ್ಲಿ ಎರಡೇ ಮುಗಿದಿರುತ್ತವೆ. ಮಕ್ಕಳಿಗೆ ಮಜಾ ಬರುವುದು ನಾಲ್ಕನೆಯದರಲ್ಲಿ. ನಿನೆವೆಯವರನ್ನು ದೇವರು ಕ್ಷಮಿಸಿದರು ಎಂದು ಯೋನ ಮುಖ ಊದಿಸಿಕೊಂಡು ಕೂರುತ್ತಾನೆ, ಒಂದು ಗಿಡ ಒಣಗಿದ್ದಕ್ಕೆ ಸತ್ತೇ ಹೋಗುತ್ತೇನೆ ಅನ್ನುತ್ತಾನೆ. ಚಿಕ್ಕವನಿಗೆ ಈ ಯೋನ ಬಹಳ ಇಷ್ಟ, ಇಬ್ಬರದ್ದೂ ಒಂದೇ ಸ್ವಭಾವ. ಪುಸ್ತಕ ಮುಗಿಯುವುದೂ ದೇವರ ಒಂದು ಪ್ರಶ್ನೆಯಿಂದ: ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಬಹಳ ಪ್ರಾಣಿಗಳು ಇರುವ ಊರಿನ ಮೇಲೆ ನನಗೆ ಕನಿಕರ ಬೇಡವಾ ಎಂದು. ಯೋನ ಏನು ಉತ್ತರ ಕೊಟ್ಟ ಎಂದು ಬರೆದಿಲ್ಲ.

ದೊಡ್ಡವಳು ಓದಲು ಕಲಿತ ಮೇಲೆ ಒಂದು ಆಟ ಶುರುವಾಗಿದೆ. ಚಿತ್ರದಲ್ಲಿ ಇದೆ, ಬೈಬಲ್‌ನಲ್ಲಿ ಇದೆಯಾ? ಮಕ್ಕಳ ಪುಸ್ತಕದ ಚಿತ್ರ ನೋಡುವುದು, ಆಮೇಲೆ ನಿಜವಾದ ಬೈಬಲ್ ತೆಗೆದು ಹುಡುಕುವುದು. ಏದೆನ್ ತೋಟದಲ್ಲಿ ಆದಾಮ, ಹವ್ವ ತಿಂದದ್ದು ಸೇಬಾ? ಆದಿಕಾಂಡ 3ರಲ್ಲಿ ಹಣ್ಣು ಅಂತ ಮಾತ್ರ ಇದೆ, ಯಾವ ಹಣ್ಣು ಎಂದಿಲ್ಲ. ಯೋನನನ್ನು ನುಂಗಿದ್ದು ತಿಮಿಂಗಿಲವಾ? ದೊಡ್ಡ ಮೀನು ಎಂದಷ್ಟೇ ಇದೆ. ಯೇಸುವಿನ ತಾಯಿ ಮರಿಯಳು ಕತ್ತೆಯ ಮೇಲೆ ಬೇತ್ಲೆಹೇಮಿಗೆ ಹೋದಳಾ? ಲೂಕ 2ರಲ್ಲಿ ಕತ್ತೆಯೇ ಇಲ್ಲ. ಮಗು ಯೇಸುವನ್ನು ನೋಡಲು ಬಂದ ಜ್ಞಾನಿಗಳು ಮೂರು ಜನವಾ? ಮತ್ತಾಯ 2ರಲ್ಲಿ ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರು ಇವೆ, ಜನ ಎಷ್ಟು ಎಂದು ಹೇಳಿಲ್ಲ. ಅವರು ಬಂದದ್ದೂ ಮನೆಗೆ, ಕೊಟ್ಟಿಗೆಗೆ ಅಲ್ಲ. ಇದು ಸಿಕ್ಕಿದ ದಿನ ಅವಳ ಸಂಭ್ರಮ ನೋಡಬೇಕಿತ್ತು, ಕ್ರಿಸ್ಮಸ್ ನಾಟಕದಲ್ಲಿ ಎಲ್ಲರೂ ತಪ್ಪು ಮಾಡಿದ್ದಾರೆ ಎಂದು ಟೀಚರ್‌ಗೆ ಹೇಳಲು ಹೊರಟಿದ್ದಳು. ತಡೆದೆ. ಈ ಆಟದಿಂದ ಆದ ಲಾಭ ಏನೆಂದರೆ ಯಾರಾದರೂ "ಬೈಬಲ್‌ನಲ್ಲಿ ಹೀಗಿದೆ" ಅಂದರೆ ಅವಳು "ಎಲ್ಲಿದೆ?" ಎಂದು ಕೇಳುತ್ತಾಳೆ. ನಾನು ಹೇಳಿದರೂ ಕೇಳುತ್ತಾಳೆ. ಕೇಳಲಿ.

ಎಲ್ಲ ಕಥೆಯನ್ನೂ ಎಲ್ಲ ವಯಸ್ಸಿಗೂ ನಾನು ಹೇಳುವುದಿಲ್ಲ. ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋದದ್ದನ್ನು ಚಿಕ್ಕವನಿಗೆ ಇನ್ನೂ ಓದಿಲ್ಲ. ನಾಲ್ಕು ವರ್ಷದ ಮಗು ಆ ಕಥೆ ಕೇಳಿದರೆ ಮೊದಲು ನೋಡುವುದು ತನ್ನ ಅಪ್ಪನ ಕಡೆಗೇ. ಜಲಪ್ರಳಯದಲ್ಲಿ ನಾವೆಯಲ್ಲಿ ಉಳಿದ ನೋಹನ ಕಥೆಯನ್ನು ಜನ ಮುದ್ದಾದ ಪ್ರಾಣಿಗಳ ಕಥೆ ಮಾಡಿದ್ದಾರೆ, ಅದು ಹಾಗಿಲ್ಲ. "ನಾವೆಯ ಹೊರಗೆ ಇದ್ದವರು ಏನಾದರು?" ಎಂದು ಮಗು ಕೇಳುವವರೆಗೆ ಆ ಭಾಗವನ್ನು ನಾನಾಗಿ ಎತ್ತುವುದಿಲ್ಲ. ಕೇಳಿದರೆ ಸತ್ತರು ಎಂದೇ ಹೇಳುತ್ತೇನೆ. ಯೇಸುವಿನ ಶಿಲುಬೆಯ ಕಥೆಯನ್ನು ಇಬ್ಬರಿಗೂ ಹೇಳುತ್ತೇನೆ, ಆದರೆ ಗಾಯ, ಮೊಳೆಗಳ ವಿವರಕ್ಕೆ ಹೋಗದೆ. ಯೇಸು ಸತ್ತ ಶುಕ್ರವಾರಕ್ಕೆ ನಿಲ್ಲಿಸಿ ಲೈಟ್ ಆರಿಸುವುದಿಲ್ಲ. ಅದೇ ರಾತ್ರಿ ಯೋಹಾನ 20ಕ್ಕೆ ಹೋಗುತ್ತೇನೆ. ಮಗ್ದಲದ ಮರಿಯಳು ಎದ್ದು ಬಂದ ಯೇಸುವನ್ನು ತೋಟದವನು ಅಂದುಕೊಳ್ಳುತ್ತಾಳೆ, ಅವರು ಹೆಸರು ಹಿಡಿದು ಕರೆದ ಮೇಲೆ ಗೊತ್ತಾಗುತ್ತದೆ. ಆ ಜಾಗ ಬಂದಾಗ ಚಿಕ್ಕವನು ನನಗಿಂತ ಮೊದಲು "ಮರಿಯಾ!" ಎಂದು ಕೂಗುತ್ತಾನೆ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮಕ್ಕಳು ಗಲಾಟೆ ಮಾಡಿದಾಗ "ದೇವರು ನೋಡ್ತಿದ್ದಾರೆ", "ದೇವರು ಕಣ್ಣು ಕಿತ್ತುಬಿಡ್ತಾರೆ" ಎಂದು ದೊಡ್ಡವರು ಹೇಳುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಬೇಡ ಎಂದಿದ್ದೇನೆ. ಬಂದ ನೆಂಟರಿಗೂ ಹೇಳುತ್ತೇನೆ, ಒಂದಿಬ್ಬರಿಗೆ ಬೇಜಾರೂ ಆಗಿದೆ. ದೇವರು ನೋಡುತ್ತಾರೆ ಎಂಬ ಮಾತನ್ನು ಬೈಬಲ್‌ನಲ್ಲಿ ಹಾಗರಳು ಹೇಳುವ ರೀತಿಯೇ ಬೇರೆ. ಆದಿಕಾಂಡ 16ರಲ್ಲಿ ಅವಳು ಬಸುರಿ ದಾಸಿ, ಒಡತಿಯ ಕಾಟ ತಡೆಯದೆ ಮರುಭೂಮಿಗೆ ಓಡಿಬಂದವಳು. ಅಲ್ಲಿ ದೇವರ ದೂತ ಬಂದು ಮಾತಾಡಿಸಿದ ಮೇಲೆ ಅವಳು ದೇವರನ್ನು ನನ್ನನ್ನು ನೋಡುವ ದೇವರು ಎಂದು ಕರೆಯುತ್ತಾಳೆ. ಅದು ಧೈರ್ಯದ ಮಾತು, ಹೆದರಿಸುವ ಮಾತಲ್ಲ. ಈ ಕಥೆ ಹೇಳಿದ ಮೇಲೆ ದೊಡ್ಡವಳು ಕತ್ತಲಲ್ಲಿ ಬಾತ್‌ರೂಮಿಗೆ ಹೋಗುವಾಗ "ದೇವರು ನೋಡ್ತಿದ್ದಾರೆ" ಎಂದು ತಾನೇ ಹೇಳಿಕೊಂಡು ಹೋಗುತ್ತಾಳೆ.

ಸಾವಿನ ಮಾತು ಬಂದದ್ದು ನನ್ನ ಅಪ್ಪ ತೀರಿಕೊಂಡಾಗ. ತಾತ ಮಲಗಿದ್ದಾರೆ ಎಂದು ಯಾರೋ ಮಕ್ಕಳಿಗೆ ಹೇಳಿದರು. ದೇವರು ಕರೆದುಕೊಂಡರು ಎಂದು ಇನ್ನೊಬ್ಬರು. ಎರಡೂ ಪ್ರೀತಿಯಿಂದ ಹೇಳಿದ್ದೇ. ಆದರೆ ಮೊದಲನೆಯದು ಕೇಳಿದ ಮಗು ಮಲಗಲು ಹೆದರುತ್ತದೆ, ಎರಡನೆಯದು ಕೇಳಿದ ಮಗು ದೇವರು ಅಮ್ಮನನ್ನೂ ಕರೆದುಕೊಂಡರೆ ಎಂದು ಹೆದರುತ್ತದೆ. ನಾನು ಯೋಹಾನ 11 ತೆಗೆದೆ. ಯೇಸು ಸಾವಿನಿಂದ ಎಬ್ಬಿಸಿದ ಗೆಳೆಯ ಲಾಜರನ ಕಥೆ ಅದು. ಲಾಜರ ನಿದ್ರೆ ಮಾಡುತ್ತಿದ್ದಾನೆ ಎಂದು ಯೇಸುವೇ ಮೊದಲು ಹೇಳುತ್ತಾರೆ, ಶಿಷ್ಯರು ಅದನ್ನು ನಿಜವಾದ ನಿದ್ದೆ ಅಂದುಕೊಳ್ಳುತ್ತಾರೆ, ಆಗ ಯೇಸು ಬಿಡಿಸಿ ಹೇಳುತ್ತಾರೆ: ಲಾಜರ ಸತ್ತುಹೋದನು. ದೊಡ್ಡವರಿಗೇ ಬಿಡಿಸಿ ಹೇಳಬೇಕಾಯಿತು ಅಂದರೆ ಮಕ್ಕಳಿಗೆ ಹೇಳಬೇಡವಾ? ತಾತ ಸತ್ತರು, ಅವರ ದೇಹ ಇನ್ನು ಕೆಲಸ ಮಾಡುವುದಿಲ್ಲ, ಅವರು ದೇವರ ಹತ್ತಿರ ಇದ್ದಾರೆ, ಒಂದು ದಿನ ದೇವರು ಎಬ್ಬಿಸುತ್ತಾರೆ ಎಂದು ನಾವು ನಂಬುತ್ತೇವೆ ಎಂದು ಹೇಳಿದೆ. ಮುಂದೆ ಓದಿದಾಗ ಯೇಸು ಅತ್ತರು ಎಂಬ ವಾಕ್ಯ ಬಂತು. "ಎಬ್ಬಿಸ್ತೀನಿ ಅಂತ ಗೊತ್ತಿದ್ರೂ ಯಾಕೆ ಅತ್ರು?" ಎಂದಳು ದೊಡ್ಡವಳು. ಹತ್ತಿರದವರು ಸತ್ತರೆ ಅಳು ಬರುತ್ತದೆ, ಅದಕ್ಕೆ ಎಂದೆ. ಆಮೇಲೆ ಇಬ್ಬರೂ ಅತ್ತೆವು.

ಪ್ರಾರ್ಥನೆಯ ಬಗ್ಗೆ ಹೇಳುವುದು ಕಡಿಮೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಒಟ್ಟಿಗೆ ಹೇಳುತ್ತೇವೆ, ಅದು ಹೇಳಿಕೇಳಿಯೇ ಬಾಯಿಗೆ ಬಂತು. ಆಮೇಲೆ ಅವರವರ ಪ್ರಾರ್ಥನೆ. ಚಿಕ್ಕವನು ಹಲ್ಲಿಗಾಗಿ ಪ್ರಾರ್ಥಿಸುತ್ತಾನೆ, ಗೋಡೆಯ ಮೇಲಿನ ಹಲ್ಲಿಗೆ. ನಾನು ತಡೆಯುವುದಿಲ್ಲ. ಕೇಳಿದ್ದು ಸಿಗದೆ ಹೋದಾಗ "ಯೇಸಪ್ಪ ಕೇಳಿಸಿಕೊಳ್ಳಲಿಲ್ಲ" ಎಂದು ದೊಡ್ಡವಳು ಒಮ್ಮೆ ಮುನಿಸಿಕೊಂಡಾಗ ಗೆತ್ಸೇಮನೆ ತೋಟದ ಕಥೆ ಓದಿದೆ. ಶಿಲುಬೆಯ ಹಿಂದಿನ ರಾತ್ರಿ ಈ ಕಷ್ಟ ತಪ್ಪಿಸು ಎಂದು ಯೇಸು ಮೂರು ಸಾರಿ ಕೇಳಿದರು, ಅದು ತಪ್ಪಲಿಲ್ಲ. ಬೈಬಲಿನ ಹಾಡುಗಳ ಪುಸ್ತಕದ 13ನೇ ಕೀರ್ತನೆಯನ್ನೂ ಓದಿದೆ, ಅದರ ಮೊದಲ ಎರಡು ವಚನಗಳಲ್ಲೇ ಇನ್ನೂ ಎಷ್ಟು ಕಾಲ ಎಂದು ದೇವರನ್ನು ನಾಲ್ಕು ಸಾರಿ ಕೇಳಿದೆ. ದೇವರ ಹತ್ತಿರ ಜಗಳ ಆಡಬಹುದು ಎಂಬುದು ಅವಳಿಗೆ ದೊಡ್ಡ ಸುದ್ದಿ.

ಬಾಯಿಪಾಠಕ್ಕೆ ಬಿಡಿ ವಾಕ್ಯಗಳಿಗಿಂತ ಇಡೀ ಕೀರ್ತನೆ ಒಳ್ಳೆಯದು. 117ನೆಯದು ಎರಡೇ ವಚನ, ಒಂದು ಪೂರ್ತಿ ಅಧ್ಯಾಯ ಬರುತ್ತದೆ ಎಂದು ನಾಲ್ಕು ವರ್ಷದವನೂ ಜಂಬ ಪಡಬಹುದು. ಆಮೇಲೆ 23. ಬಹುಮಾನ, ಸ್ಟಿಕರ್ ಏನೂ ಇಟ್ಟಿಲ್ಲ, ಸ್ಟಿಕರ್ ಮುಗಿದ ದಿನ ಕೀರ್ತನೆಯೂ ಮುಗಿಯುತ್ತದೆ. ಜರ್ಮನಿಯ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಯಜಮಾನರು ಮನೆಯವರಿಗೆ ಕಲಿಸಲಿ ಎಂದೇ ಪ್ರಶ್ನೋತ್ತರದ ಒಂದು ಚಿಕ್ಕ ಪುಸ್ತಕ ಬರೆದರು. ಅಂಥ ಪ್ರಶ್ನೋತ್ತರ ಬೇಡ ಎಂದು ನಾನು ಹೇಳುವುದಿಲ್ಲ, ಆದರೆ ಮಗು ತಾನೇ ಸಾಕಷ್ಟು ಕೇಳಿದ ಮೇಲೆ ಅದು ರುಚಿಸುತ್ತದೆ. ದೊಡ್ಡವಳಿಗೆ ಮುಂದಿನ ವರ್ಷ ನೋಡೋಣ.

ಈಗ ನಾವು ಮಾರ್ಕನ ಸುವಾರ್ತೆಯಲ್ಲಿದ್ದೇವೆ. 16 ಅಧ್ಯಾಯ, ಯಾವಾಗಲೂ ಏನೋ ನಡೆಯುತ್ತಲೇ ಇರುತ್ತದೆ, ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಐದನೇ ಅಧ್ಯಾಯಕ್ಕೆ ಬಂದು ನಿಂತಿದ್ದೇವೆ, ಯೇಸು ಒಬ್ಬ ಮನುಷ್ಯನಿಂದ ಬಿಡಿಸಿದ ದೆವ್ವಗಳು ಹೊಕ್ಕ ಸುಮಾರು 2,000 ಹಂದಿಗಳು ಗುಡ್ಡದಿಂದ ಓಡಿ ನೀರಿಗೆ ಬೀಳುವಲ್ಲಿ. ಹಂದಿಗಳು ಏನು ತಪ್ಪು ಮಾಡಿದ್ದವು ಎಂದು ಚಿಕ್ಕವನು ಕೇಳುತ್ತಿದ್ದಾನೆ. ನನಗೆ ಗೊತ್ತಿಲ್ಲ ಎಂದಿದ್ದೇನೆ, ಪಾಸ್ಟರನ್ನು ಕೇಳುತ್ತೇನೆ ಎಂದೂ ಹೇಳಿದ್ದೇನೆ. ನಿಮ್ಮಲ್ಲಿ ಯಾರಾದರೂ ನಾಲ್ಕು ವರ್ಷದವರಿಗೆ ಇದನ್ನು ಹೇಳಿ ಒಪ್ಪಿಸಿದ್ದರೆ ದಯವಿಟ್ಟು ನನಗೂ ತಿಳಿಸಿ, ಅವನು ಆರನೇ ಅಧ್ಯಾಯಕ್ಕೆ ಹೋಗಲು ಬಿಡುತ್ತಿಲ್ಲ.